ಈರಮ್ಮತ್ತೆಯ ಬಿಲ್ಲೆ

ಕಳೆದ ವಾರ ನನ್ನ ಸೋದರತ್ತೆ ಈರಮ್ಮನನ್ನು ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆ. ಅರ್ಜಿಗೆ ಅಂಟಿಸಲು ಅವಳ ಫೋಟೋ ಬೇಕಿತ್ತು. ಕತ್ತಲೆ ಕೋಣೆಯಿಂದ ಫಿಲ್ಮ್ ತೊಳೆಯುವ ನೀರಿನ ಹುಳಿ ವಾಸನೆ ಬಂದದ್ದೇ ತಡ, ಅತ್ತೆ ಹೊಸ್ತಿಲಲ್ಲೇ ನಿಂತು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ವಾಸನೆಗೆ ನಿಮಗೆ ಯಾರದೋ ಮದುವೆಯ ಫೋಟೋ ನೆನಪಾಗಬಹುದು. ನನಗೆ ನೆನಪಾಗುವುದು ನಾನು ಗೆದ್ದ ಒಂದು ವಾದ.

ವಾದವೆಂದರೆ ನನಗೆ ಊಟವೂ ಬೇಡ. ಕೊಪ್ಪಳದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತರೆ ಯಾವ ಪಕ್ಷ ಕೊಟ್ಟರೂ ಗೆದ್ದು ಬರುತ್ತಿದ್ದೆ. ಮನೆಯಲ್ಲಿ ಯಾರಾದರೂ ದೃಷ್ಟಿ, ಶಕುನ ಎಂದರೆ ಸಾಕು, "ಪುರಾವೆ ಏನೈತಿ?" ಎಂದು ಮೇಲೆ ಬೀಳುತ್ತಿದ್ದೆ. ನನಗೆ ವಕೀಲಸಾಬ ಎಂದು ಹೆಸರಿಟ್ಟವಳು ಅತ್ತೆಯೇ.

ಅತ್ತೆ ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಸ ಗುಡಿಸಲು ಸೇರಿ, ನೋಡಿ ನೋಡಿಯೇ ನರ್ಸ್ ಆದವಳು. ಮೂತ್ರ ಕಟ್ಟಿದವರಿಗೆ ಅಲ್ಲಿ ಕ್ಯಾಥೆಟರ್ ಎಂಬ ರಬ್ಬರ್ ನಳಿಗೆ ತೂರಿಸಿ, ಅದರೊಳಗೆ ಔಷಧಿ ಬಿಟ್ಟು, ದಾರಿ ಎಲ್ಲಿ ಮುಚ್ಚಿದೆಯೆಂದು ಡಾಕ್ಟರು ಎಕ್ಸ್‌ರೇ ಪರದೆಯ ಮೇಲೆ ನೋಡುತ್ತಿದ್ದರು. ಅವರು ನೋಡುವಷ್ಟು ಹೊತ್ತೂ ಆ ನಳಿಗೆಯನ್ನು ಹಿಡಿದು ನಿಲ್ಲುವವಳು ಅತ್ತೆ. ಕಿರಣ ತಡೆಯುವ ಸೀಸದ ಏಪ್ರನ್ ಇದ್ದದ್ದು ಒಂದು, ಅದು ಡಾಕ್ಟರ ಮೈಮೇಲೆ. ಸೀಸದ ಕೈಗವಸು ತೊಟ್ಟರೆ ನಳಿಗೆ ಜಾರುತ್ತಿತ್ತೆಂದು ಅವಳು ಬರಿಗೈಯಲ್ಲೇ ಹಿಡಿಯುತ್ತಿದ್ದಳು.

ಎಂಬತ್ತೆರಡರ ಬೇಸಿಗೆಯಲ್ಲಿ ಅವಳು ಊರಿಗೆ ಬಂದು ಅಪ್ಪನ ಮುಂದೆ ಕೈ ಚಾಚಿದಳು. "ಬೆರಳು ಉರೀತಾವಣ್ಣಾ. ಉಗುರು ಕರ್ರಗಾಗ್ಯಾವು. ಆ ಖೋಲಿ ಬ್ಯಾಡ, ವಾರ್ಡಿಗೆ ಹಾಕ್ರಿ ಅಂತ ಡಾಕ್ಟರಿಗೆ ಹೇಳ್ತೀನಿ."

ಅಪ್ಪ ಹೂಂ ಎನ್ನುವ ಮೊದಲೇ ನಾನು ಬಾಯಿ ಹಾಕಿದೆ. ಅತ್ತೆಯ ಎದೆಯ ಮೇಲೆ ಒಂದು ಬಿಲ್ಲೆ ಇರುತ್ತಿತ್ತು. ಅದರೊಳಗೆ ಫಿಲ್ಮಿನ ಚೂರು. ಕೆಲವು ತಿಂಗಳಿಗೊಮ್ಮೆ ಅದು ಬೊಂಬಾಯಿಗೆ ಹೋಗಿ, ಮೈಗೆ ಎಷ್ಟು ಕಿರಣ ಬಿದ್ದಿದೆಯೆಂದು ಇಂಗ್ಲಿಷಿನಲ್ಲಿ ಕಾಗದ ಬರುತ್ತಿತ್ತು. ಓದಿ ಹೇಳುತ್ತಿದ್ದವನು ನಾನೇ. ಪ್ರತಿ ಸಲವೂ ಸೊನ್ನೆ.

"ನೋಡತ್ತಿ, ಕಿರಣ ಬಿದ್ದಿದ್ರ ಫಿಲ್ಮ್ ಕಪ್ಪಾಗಬೇಕಿತ್ತು. ಆಗಿಲ್ಲ, ಅಂದ್ರ ಬಿದ್ದಿಲ್ಲ. ಫಿಲ್ಮ್ ತೊಳಿಯೂ ನೀರಿಗೆ ಚರ್ಮ ಸುಟ್ಟಿರಬೇಕು."

"ಉರಿಯೂದು ನನ್ನ ಕೈಯೋ, ಕಾಗದದ್ದಲ್ಲ."

"ಕಾಗದ ಸುಳ್ಳು ಹೇಳೂದಿಲ್ಲತ್ತಿ. ಮನಸು ಹೇಳತೈತಿ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. "ಆತಪಾ ವಕೀಲಸಾಬ, ನೀನ ಗೆದ್ದಿ" ಎಂದು ಮರುದಿನ ಗಂಗಾವತಿ ಬಸ್ಸು ಹತ್ತಿದಳು. ಮತ್ತೆ ಎರಡು ವರ್ಷ ಅದೇ ಕೋಣೆ.

ಆಮೇಲೆ ಒಮ್ಮೆ ಹುಲಿಹೈದರದ ನಮ್ಮ ನೆಂಟರೊಬ್ಬರಿಗೆ ಮೂತ್ರ ಕಟ್ಟಿತೆಂದು ಅಲ್ಲಿಗೇ ಕರೆದೊಯ್ದೆ. ಮುದುಕರನ್ನು ಮೇಜಿನ ಮೇಲೆ ಮಲಗಿಸಿದ ಅತ್ತೆ, ಬಳಸದ ಫಿಲ್ಮುಗಳನ್ನೆಲ್ಲ ಎಕ್ಸ್‌ರೇ ಕೋಣೆಯಿಂದ ಹೊರಗೆ ತಂದು ಬೀರುವಿನಲ್ಲಿ ಇಟ್ಟಳು. ನಂತರ ಎದೆಯ ಬಿಲ್ಲೆಯನ್ನು ಬಿಚ್ಚಿ ಅವುಗಳ ಪಕ್ಕದಲ್ಲೇ ಇಟ್ಟಳು.

"ಅದನ್ಯಾಕ ತಗೀತಿ ಅತ್ತಿ?"

"ಅದ್ರಾಗೂ ಫಿಲ್ಮ್ ಐತಲ್ಲೋ. ಒಳಗ ಒಯ್ದ್ರ ಕಪ್ಪಾಗತೈತಿ. ಇಷ್ಟು ವರ್ಷದಾಗ ಒಂದರ ಕೆಡಿಸೀನೇನು ನಾ?"

ಆ ಮಾತಿನಲ್ಲಿ ಹೆಮ್ಮೆಯಿತ್ತು. ಫಿಲ್ಮನ್ನು ಕಿರಣದಿಂದ ಕಾಯಬೇಕು ಎಂಬುದು ಆ ಕೋಣೆಯಲ್ಲಿ ಅವಳು ಕಲಿತ ಮೊದಲ ಪಾಠ. ಬಿಲ್ಲೆಯ ಫಿಲ್ಮ್ ಇರುವುದೇ ಕೆಡಲಿಕ್ಕೆ ಎಂದು ಯಾರೂ ಹೇಳಿರಲಿಲ್ಲ. ಊರವರೆಲ್ಲರ ಬಳಿ ಪುರಾವೆ ಕೇಳಿದ ನಾನು, ನನ್ನ ಪುರಾವೆ ಎಲ್ಲಿ ಕೂತಿತ್ತೆಂದು ಕೇಳಿರಲಿಲ್ಲ. ತಡವರಿಸುತ್ತ ವಿಷಯ ಹೇಳಿದೆ. ಅತ್ತೆ ತನ್ನ ಕೈ ನೋಡಿಕೊಂಡಳು.

"ಹಂಗಾರ ಆ ಸೊನ್ನಿ ಎಲ್ಲಾ ಬೀರುವಿಂದೇನು?"

ಬಿಲ್ಲೆಯನ್ನು ಮತ್ತೆ ಚುಚ್ಚಿಕೊಂಡು ಒಳಗೆ ಹೋದಳು. ಮುದುಕರು ನರಳುತ್ತಿದ್ದರು.

ಆ ವರ್ಷವೇ ಹುಬ್ಬಳ್ಳಿಯಲ್ಲಿ ಅವಳ ಬಲಗೈಯ ಎರಡು ಬೆರಳು ತೆಗೆದರು. ಹೋದ ವರ್ಷ ಮೂರನೆಯದು. ಪರಿಹಾರ ಕೇಳಲು ಹೋದರೆ ಆಸ್ಪತ್ರೆಯವರು ಅವೇ ಸೊನ್ನೆಯ ಕಾಗದಗಳನ್ನು ಮುಂದಿಡುತ್ತಾರೆ: ಫಿಲ್ಮ್ ಕಪ್ಪಾಗಿಲ್ಲ, ಅಂದರೆ ಕಿರಣ ಬಿದ್ದಿಲ್ಲ. ನನ್ನದೇ ವಾದ, ನಾನು ಜೋಡಿಸಿದ ಕ್ರಮದಲ್ಲೇ.

ಪರಿಹಾರದ ಅರ್ಜಿಯಲ್ಲಿ ನಾನು ಮೊದಲು ಬರೆದದ್ದು ಬರೀ ಡಾಕ್ಟರ ತಪ್ಪುಗಳನ್ನು. ಸ್ಟುಡಿಯೋದಿಂದ ಬಂದ ಸಂಜೆ ಅದನ್ನು ಹರಿದೆ. ಬಿಲ್ಲೆ ಎಲ್ಲಿ ಇರುತ್ತಿತ್ತು, ಕಾಗದ ನಂಬಿ ಅವಳನ್ನು ವಾಪಸ್ಸು ಕಳಿಸಿದವನು ಯಾರು ಎಂಬಲ್ಲಿಂದ ಹೊಸದಾಗಿ ಬರೆದು ಓದಿ ಹೇಳಿದೆ.

"ಇದನ್ನ ಓದಿದವ್ರು ನಿನಗ ನಗ್ತಾರಲ್ಲೋ" ಎಂದಳು.

"ನಗಲಿ." ಮಸಿಯ ಡಬ್ಬಿ ಮುಂದಿಟ್ಟು, ಎಡಗೈಯ ಹೆಬ್ಬೆಟ್ಟು ಒತ್ತಿದರೆ ಸಾಕೆಂದೆ.

"ಹೆಬ್ಬೆಟ್ಟ್ಯಾಕ? ಸಾಲಿ ಕಲ್ತಾಕಿ ನಾ."

ಎಡಗೈಯಲ್ಲಿ ಪೆನ್ನು ಹಿಡಿದು ಹೆಸರು ಬರೆಯತೊಡಗಿದಳು. ಮೊದಲ ಅಕ್ಷರಕ್ಕೇ ಬಹಳ ಹೊತ್ತು ಹಿಡಿಯಿತು. ನಾನು ಕಾಗದದ ಅಂಚು ಒತ್ತಿ ಹಿಡಿದಿದ್ದೆ.

"ಗಟ್ಟಿ ಹಿಡಿಯೋ," ಎಂದಳು ತಲೆ ಎತ್ತದೆ, "ಕಾಗದ ಜಾರಾಕತ್ತೈತಿ."