ಮಹಾದೇವಕ್ಕನ ಹ್ಯಾಂಡ್‌ಬ್ರೇಕು

ಹಳಿಯಾಳದ ಮಹಾದೇವಕ್ಕನಿಗೆ ಸಿಟ್ಟು ಬರುತ್ತದೆ ಎನ್ನುವುದು ತಪ್ಪು. ಬರಬೇಕಾದರೆ ಮೊದಲು ಅದು ಎಲ್ಲಿಗಾದರೂ ಹೋಗಿರಬೇಕಲ್ಲ? ಕಳೆದ ದಸರೆಯಿಂದ ಅದು ಆಕೆಯ ಮನೆಯಲ್ಲಿ ಖಾಯಂ ವಾಸಕ್ಕಿದೆ. ಪಕ್ಕದ ಮನೆಯವನಾದ ನನ್ನ ಪೂರ್ತಿ ಬೆಂಬಲವೂ ಅದಕ್ಕಿದೆ.

ಆಕೆಯ ಕಸುಬು ರೊಟ್ಟಿ. ತೇರಗಾಂವದ ಹೆಂಗಸರು ಬಡಿದ ಖಡಕ್ ರೊಟ್ಟಿಯನ್ನು ಬುಟ್ಟಿಗಳಲ್ಲಿ ತುಂಬಿ ದಾಂಡೇಲಿಯ ಬಂಗೂರನಗರದ ಮನೆಗಳಿಗೂ ಖಾನಾವಳಿಗಳಿಗೂ ಮುಟ್ಟಿಸುತ್ತಾಳೆ. ಮುಟ್ಟಿಸುವುದು ತೀರಿಕೊಂಡ ಗಂಡನ ಹಳೇ ಅಂಬಾಸಡರ್ ಕಾರಿನಲ್ಲಿ. ವಯಸ್ಸಿನಲ್ಲಿ ಆಕೆಗಿಂತ ಹಿರಿದಾದ ಆ ಕಾರಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಗಂಡನ ಜೊತೆ ಅದರ ಕೆಳಗೆ ಮಲಗಿ ರಿಪೇರಿ ಕಲಿತವಳು ಆಕೆ. ಅವರ ಸಂಸಾರದ ಅರ್ಧ ಮಾತು ಕಾರಿನ ಅಡಿಯಲ್ಲೇ ಆಗಿತ್ತು.

ದಸರೆಗೆ ಮುಂಚೆ ಬ್ರೇಕು ಒತ್ತಿದಾಗಲೆಲ್ಲ ಹಿಂದಿನ ಗಾಲಿಗಳು ಕಿರ್ ಎನ್ನತೊಡಗಿದವು. ಹಬ್ಬ ಮುಗಿಯಲಿ, ಬಿಚ್ಚಿ ನೋಡಿದರಾಯಿತು ಎಂದುಕೊಂಡಳು. ಆದರೆ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆಂದು ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಎಣ್ಣೆ ಕಾಣಿಸುವುದು ಆ ಮನೆಯಲ್ಲಿ ಗಂಡಸರ ಕೆಲಸ. ಹೆಂಗಸರು ಪೂಜೆಯ ತಾಟು ಹಿಡಿದು ಬಂದರೆ ಸಾಕು. ಗಂಡನ ಅಣ್ಣ ಈಶಪ್ಪ ಕಾರಿನ ಗಾಲಿಗಳನ್ನೂ ಬಿಚ್ಚಿ ತೊಳೆದು, ವಿಭೂತಿ ಹಚ್ಚಿ ಒಪ್ಪಿಸಿದರು. ಕಿರ್ ಎನ್ನುವುದು ನಿಂತಿತು. ಕಾರು ಮಾತ್ರ ಬ್ರೇಕು ಒತ್ತಿದ ಮೇಲೂ ನಿಲ್ಲಲೋ ಬೇಡವೋ ಎಂದು ಯೋಚಿಸತೊಡಗಿತು. ಆಕೆ ಹೇಳಿದಾಗ ಭಾವನವರು, ನಿನ್ನ ಕಾಲಿನಲ್ಲಿ ಶಕ್ತಿಯಿಲ್ಲ ಎಂದುಬಿಟ್ಟರು.

ಒಂದು ಮಧ್ಯಾಹ್ನ ಪೇಟೆಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಕೆ ಅಂಗಡಿ ಹೊಕ್ಕಳು. ಕಾರು ತಾನಾಗಿ ಹೊರಟಿತು. ಜ್ಯೋತಿಬಾನ ಕಬ್ಬಿನ ಹಾಲಿನ ಗಾಡಿಯನ್ನು ಉರುಳಿಸಿ, ಕಬ್ಬಿನ ರಾಶಿಯಲ್ಲಿ ಮೂತಿ ತೂರಿಸಿ ನಿಂತಿತು. ಜ್ಯೋತಿಬಾ ಜಿಗಿದು ಪಾರಾದ. ಓಡಿಬಂದವರಲ್ಲಿ ಒಬ್ಬ ಕಾರನ್ನು ಹಿಂದಕ್ಕೆ ದೂಡಲೆಂದು ಕೈ ಒಳಗೆ ಹಾಕಿ ಹ್ಯಾಂಡ್‌ಬ್ರೇಕ್ ಇಳಿಸಿದ. ಆಮೇಲೆ ಈಶಪ್ಪ ಬಂದು ಬಗ್ಗಿ ನೋಡಿದಾಗ ಅದರ ಹಿಡಿಕೆ ಮಲಗಿತ್ತು. ಮುಗಿಯಿತು ವಿಚಾರಣೆ.

"ಹ್ಯಾಂಡ್‌ಬ್ರೇಕ್ ಎಳಿಯೂದ ಮರತಾಳ," ಎಂದು ನೆರೆದವರಿಗೆಲ್ಲ ಸಾರಿ, ಕಾರಿನ ಚಾವಿಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ಎಳೆದಿದ್ದೆ ಎಂದು ಆಕೆ ಗಂಟಲು ಹರಿದುಕೊಂಡದ್ದು ಯಾರ ಕಿವಿಗೂ ಬೀಳಲಿಲ್ಲ. ಸಂಜೆಯೊಳಗೆ ಊರಿನ ಗಂಡಸರೆಲ್ಲ ಹ್ಯಾಂಡ್‌ಬ್ರೇಕಿನ ಪಂಡಿತರಾದರು. ಸೈಕಲ್ಲಿಗೆ ಬ್ರೇಕಿಲ್ಲದವನೂ ಹೆಂಗಸರ ಡ್ರೈವಿಂಗ್ ಕುರಿತು ಬಾಯಿಗೆ ಬ್ರೇಕಿಲ್ಲದೆ ಮಾತಾಡಿದ. ರೊಟ್ಟಿಯ ಬುಟ್ಟಿಗಳು ಬಸ್ಸು ಹತ್ತಿದವು. ದಾಂಡೇಲಿ ಸೇರುವಷ್ಟರಲ್ಲಿ ರೊಟ್ಟಿಯೆಲ್ಲ ಚೂರು. ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಖಾನಾವಳಿಯವರು ಹೇಳಿಕಳಿಸಿದರು. ಚಾವಿಯಿಲ್ಲದೆ ಕಸುಬಿಲ್ಲ, ಮರೆಗುಳಿ ಎಂಬ ಹೆಸರು ಹೋಗದೆ ಚಾವಿಯಿಲ್ಲ.

ಸಿಟ್ಟಿನಲ್ಲೂ ಆಕೆಯ ತಲೆ ನೆಟ್ಟಗೆ ಓಡಿತು. ಹ್ಯಾಂಡ್‌ಬ್ರೇಕಿನ ತಂತಿ ಸಡಿಲವಾಗಿದ್ದರೆ ಹಿಡಿಕೆ ಎಳೆದಷ್ಟೂ ಮೇಲೆ ಬರಬೇಕಿತ್ತು. ಅಂದು ಅದು ಎಂದಿನ ಹಾಗೆ ಬಿಗಿಯಾಗಿಯೇ ನಿಂತಿತ್ತು. ಅಂದಮೇಲೆ ತಂತಿ ಸರಿಯಿದೆ. ತಪ್ಪು ಇರುವುದು ತಂತಿಯ ಆ ತುದಿಯಲ್ಲಿ, ಹಿಂದಿನ ಗಾಲಿಗಳ ಡ್ರಮ್ಮಿನೊಳಗೆ.

ಭಾನುವಾರ ಬೆಳಿಗ್ಗೆ ಭಾವನವರನ್ನೂ ಜ್ಯೋತಿಬಾನನ್ನೂ ಅಂಗಳಕ್ಕೆ ಕರೆಸಿದಳು. ನಾನು ಕರೆಯದೆಯೇ ಹೋದೆ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದ್ದಳು. ಬಾಗಿಲಿನ ಲಾಕು ಕೆಟ್ಟು ಎಷ್ಟೋ ಕಾಲವಾಗಿದ್ದರಿಂದ ಚಾವಿ ಬೇಕಾಗಲಿಲ್ಲ. ಹ್ಯಾಂಡ್‌ಬ್ರೇಕನ್ನು ಭಾವನವರ ಕೈಯಿಂದಲೇ ಎಳೆಸಿದಳು.

"ಈಗ ಗಾಲಿ ತಿರುವ್ರಿ."

ಅಲುಗಬಾರದ ಗಾಲಿ ಸರಾಗವಾಗಿ ತಿರುಗಿತು.

"ನೀವೂ ಮರತ್ರೇನು?"

ಈಶಪ್ಪ ಮತ್ತೊಮ್ಮೆ ಹಿಡಿಕೆ ನೋಡಿ, ಆಕೆ ಹೇಳಿದಂತೆ ಅದನ್ನು ಇಳಿಸಿ ಬಂದರು. ಆಕೆ ಗಾಲಿ ಕಳಚಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಡ್ರಮ್ ಹೊರತೆಗೆದಳು. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯಬೇಕಾದ ಬ್ರೇಕ್ ಶೂಗಳ ಮೇಲೆ, ಹೋಳಿಗೆಗೆ ತುಪ್ಪ ಸವರಿದ ಹಾಗೆ, ಮೂಲೆ ಬಿಡದೆ ಗ್ರೀಸು. ಎಲ್ಲಿಂದಲೋ ಸೋರಿರಬೇಕು ಎಂದ ಜ್ಯೋತಿಬಾ. ಸೋರಿದ್ದು ಇಷ್ಟು ಭಕ್ತಿಯಿಂದ ಸೋರುವುದಿಲ್ಲ ಎಂದಳು ಆಕೆ.

"ಅದನ್ನ ನಾನ ಹಚ್ಚೀನಿ," ಎಂದರು ಈಶಪ್ಪ, ಅಳುಕಿಲ್ಲದೆ. "ಕಿರ್ ಅಂತಿತ್ತಲ್ಲ. ಗಾಲಿಗೆ ಎಣ್ಣಿ ಕಾಣಸಲಿಲ್ಲಂದ್ರ ಎತ್ತು ಹೆಂಗ ಎಳೀಬೇಕು?"

ಜೀವಮಾನವಿಡೀ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿದ ಕೈ ಅದು. ಗಾಲಿ ಇರುವುದು ತಿರುಗಲಿಕ್ಕೆ, ಕೂಗಿದರೆ ಅದಕ್ಕೆ ಎಣ್ಣೆ ಬೇಕು, ಅಷ್ಟೇ ಅದರ ವಿದ್ಯೆ. ಗಾಲಿಯನ್ನು ನಿಲ್ಲಿಸುವ ವಸ್ತುವೂ ಒಳಗಿರುತ್ತದೆ, ಅದು ಒಣಗಿರಬೇಕು ಎಂದು ಗೊತ್ತಿರದಿದ್ದರೆ ತಪ್ಪಿಲ್ಲ. ಗೊತ್ತಿದ್ದವಳನ್ನು ಕೇಳದೆ, ಗೊತ್ತಿದ್ದವಳ ಮೇಲೆಯೇ ತಪ್ಪು ಹೊರಿಸಿದ್ದಕ್ಕೆ ಯಾವ ಗ್ರೀಸು ಹಚ್ಚಿದರೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

"ಇದಕ್ಕ ಎತ್ತು ಎಲ್ಲಿ ಕಟ್ಟೀರಿ, ಭಾವನೋರ?"

ಜ್ಯೋತಿಬಾ ನಕ್ಕು, ಆಮೇಲೆ ಹಿರಿಯರ ಮುಖ ನೋಡಿ, ಹೋಗಲಿ ಬಿಡ್ರಿ ಅಕ್ಕಾ, ಮನೆಯ ಮಾತು ಮನೆಯಲ್ಲೇ ಇರಲಿ ಎಂದ. ನೋಡಿ ನ್ಯಾಯ! ಆಕೆ ಮಾಡದ ತಪ್ಪು ಪೇಟೆಯ ಸ್ವತ್ತು. ಅವರು ಮಾಡಿದ್ದು ಮನೆಯ ಸ್ವತ್ತು. ಈಶಪ್ಪ ಉಡದಾರದಿಂದ ಚಾವಿ ಬಿಚ್ಚಿ ಚಾಚಿದರು.

"ಚಾವಿ ಇರ್ಲಿ. ನಾ ಮರತಿದ್ನೋ ಇಲ್ಲೋ, ಅದನ್ನ ಹೇಳ್ರಿ."

"ಆತಲ್ಲ. ತಗೋ."

ಆಕೆ ಕೈ ಮುಂದೆ ಮಾಡಲಿಲ್ಲ. ಚಾಚಿದ ಕೈ ನೋಯುವವರೆಗೆ ಕಾದು, ಈಶಪ್ಪ ನೆಲಕ್ಕೆ ಏನೋ ಹೇಳಿದರು. ತಪ್ಪೊಪ್ಪಿಗೆಯನ್ನು ಪಿಸುಗುಟ್ಟಿದರೆ ಸಾಕು ಎಂದು ನಾನು ಕಲಿತ ಕಾನ್ವೆಂಟಿನ ಸಿಸ್ಟರುಗಳು ಹೇಳುತ್ತಿದ್ದರು. ಮಹಾದೇವಕ್ಕನಲ್ಲಿ ಆ ಸೌಲಭ್ಯವಿಲ್ಲ.

"ಜ್ಯೋತಿಬಾಗ ಕೇಳಸಲಿಲ್ಲ."

"ಮಹಾದೇವಿ ಮರತಿದ್ದಿಲ್ಲ," ಎಂದರು ಈಶಪ್ಪ ದನಿ ಏರಿಸಿ. "ಬ್ರೇಕ್ ಕೆಡಿಸಿದಾಂವ ನಾನು."

ಜ್ಯೋತಿಬಾನನ್ನು ಕರೆಸಿದ್ದೇ ಇದಕ್ಕೆ. ಅವನ ಗಾಡಿಯ ಮುಂದೆ ದಿನಕ್ಕೆ ಅರ್ಧ ಊರು ಬಂದು ನಿಲ್ಲುತ್ತದೆ.

ಆಕೆ ಚಾವಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಗ್ರೀಸು ಕುಡಿದ ಶೂ ಮತ್ತೆ ಕೆಲಸಕ್ಕೆ ಬಾರದು. ಹೊಸವನ್ನು ಹಾಕಬೇಕು, ಗಾಲಿ ಬಿಗಿಯುವವರೆಗೆ ಅಡ್ಜಸ್ಟರ್ ತಿರುಗಿಸಿ, ಗಾಲಿ ತಿರುಗುವಷ್ಟೇ ಸಡಿಲಿಸಬೇಕು, ಎಲ್ಲದರ ಕೊನೆಗೆ ಹ್ಯಾಂಡ್‌ಬ್ರೇಕಿನ ತಂತಿ ನೋಡಬೇಕು. ಅದೆಲ್ಲ ಆಕೆಯ ಕೆಲಸ. ಡ್ರಮ್ಮಿನ ಗ್ರೀಸು ಮಾತ್ರ ಆಕೆಯದಲ್ಲ. ಹಳೇ ಬಟ್ಟೆ, ಪೆಟ್ರೋಲಿನ ಡಬ್ಬಿ ತಂದು ಭಾವನವರ ಮುಂದಿಟ್ಟಳು.

"ಹಚ್ಚಿದವರ ಒರಸ್ರಿ."

ಈಶಪ್ಪ ಕುಕ್ಕರಗಾಲಲ್ಲಿ ಕೂತು ಡ್ರಮ್ಮು ಹೊಳೆಯುವ ಹಾಗೆ ಒರಸಿದರು. ಒರಸಿ, ಬೆನ್ನು ನೆಟ್ಟಗೆ ಮಾಡಿ ಎದ್ದು, ಚಹಾ ಬರುತ್ತದೇನೋ ಎಂದು ಅಡಿಗೆಮನೆಯ ಕಡೆ ನೋಡಿದರು. ಮಹಾದೇವಕ್ಕ ಅಚ್ಚಿನಡಿ ಕಲ್ಲು ಕೊಟ್ಟು, ಜಾಕು ಎತ್ತಿಕೊಂಡು, ಹಿಂದಿನ ಇನ್ನೊಂದು ಗಾಲಿಗೆ ನಡೆದಳು.