ಡ್ರಮ್ ಇಳಿದ ಮನೆಯವನು

ನಮ್ಮ ರಾಕ್ ಬ್ಯಾಂಡಿನಲ್ಲಿ ಯಾಕಿಷ್ಟು ಜನ ಬದಲಾದರು ಎಂದು ಯಾರಾದರೂ ಕೇಳಿದರೆ ಡ್ರಮ್ಮರ್ ದೊಡ್ಡ ಮಾತಾಡುತ್ತಾನೆ. ಅಭಿರುಚಿ ಬೇರೆಯಾಯಿತಂತೆ, ಸಂಗೀತದ ದಾರಿ ಬೇರೆಯಾಯಿತಂತೆ. ಎಲ್ಲ ಬುರುಡೆ. ಗಿಟಾರನ್ನಾದರೆ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಹೋಗಬಹುದು. ಡ್ರಮ್ ಸೆಟ್ಟಿಗೆ ಬೀಗ ಹಾಕಲು ಬರುವ, ಅಕ್ಕಪಕ್ಕದವರು ಬಂದು ಜಗಳ ತೆಗೆಯದ ಒಂದು ಜಾಗ ಬೇಕು. ಆ ಜಾಗ ಯಾರದೋ ಅವನು ಬ್ಯಾಂಡಿನಲ್ಲಿರುತ್ತಾನೆ. ಜಾಗ ಕೈತಪ್ಪಿದರೆ ಅವನೂ ಹೋಗುತ್ತಾನೆ. ನಮ್ಮ ಚರಿತ್ರೆ ಇಷ್ಟೇ.

ಡ್ರಮ್ಮರ್ ಹಾಸನದ ಹತ್ತಿರದ ದುದ್ದ ಎಂಬ ಊರಿನವನು. ಹಾಲಿನ ಕ್ಯಾನು ಸಾಗಿಸುವ ವ್ಯಾನು ಅವನದು. ಡ್ರಮ್ಮೂ ಅದರಲ್ಲೇ ಊರೂರು ಸುತ್ತಿತು. ಮೊದಲು ಹಾಸನದಲ್ಲಿ ಬಾಗಿಲು ಮುಚ್ಚಿದ್ದ ಒಂದು ಟೈರ್ ಅಂಗಡಿ. ಅಂಗಡಿಯವರ ಮಗ ಎರಡನೇ ಗಿಟಾರ್ ಹಿಡಿದ. ಅಲ್ಲಿಗೆ ಮೆಡಿಕಲ್ ಸ್ಟೋರ್ ಬಂತು, ಅವನು ಕಾಣೆಯಾದ. ಆಮೇಲೆ ಅರಕಲಗೂಡು ಕಡೆ, ರಾಮನಾಥಪುರದ ಹತ್ತಿರ, ಹೊಗೆಸೊಪ್ಪು ಒಣಗಿಸುವ ಬ್ಯಾರನ್. ಬ್ಯಾರನ್ನಿನವರ ಮಗ ಹಾಡುಗಾರನಾದ. ಮೂಗಿನಲ್ಲೇ ಹಾಡುತ್ತಿದ್ದ, ಆದರೂ ಯಾರೂ ಚಕಾರವೆತ್ತಲಿಲ್ಲ. ಬೆಳೆ ಬಂದು, ಸೊಪ್ಪು ಒಣಗಿಸಲು ಬ್ಯಾರನ್ನಿನ ಒಲೆಗೆ ಬೆಂಕಿ ಹಾಕುವ ಕಾಲಕ್ಕೆ ಡ್ರಮ್ ವ್ಯಾನ್ ಹತ್ತಿತು. ನಿನ್ನನ್ನು ತೆಗೆದಿದ್ದೇವೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಫೋನ್ ಬರುವುದು ನಿಂತಿತು, ಅಷ್ಟೇ.

ಇಷ್ಟೆಲ್ಲದರ ನಡುವೆ ಅಲುಗಾಡದೆ ಉಳಿದವನು ಹೊಳೆನರಸೀಪುರದ ಗಿಟಾರಿಸ್ಟ್. ಹಾಡುಗಾರ ಹೋದ ಮೇಲೆ ಹಾಡುವುದೂ ಅವನ ಪಾಲಿಗೇ ಬಂತು. ಅವನಿಗಿರುವುದು ಒಂದೇ ಕೋಣೆಯ ಬಾಡಿಗೆ ಮನೆ. ಆದರೆ ಅವನು ನುಡಿಸಲು ಶುರುಮಾಡಿದರೆ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಡುತ್ತಿದ್ದರು. ಅವನನ್ನು ಕಂಡರೆ ನನಗೆ ಈಗಲೂ ಹೊಟ್ಟೆಯುರಿ.

ನಾನು ಸೇರಿದ್ದು ಹೇಗೆಂದು ಮುಚ್ಚಿಡುವುದೇನಿಲ್ಲ. ನಮ್ಮದು ಚನ್ನರಾಯಪಟ್ಟಣ, ಮನೆಯವರದು ಕೊಬ್ಬರಿ ವ್ಯಾಪಾರ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಡ್ರಮ್ಮರ್ ಸಿಕ್ಕಿದ.

"ನಿಮ್ ಗೋಡೌನಲ್ಲಿ ಅಟ್ಟದ್ ಕೆಳೀಕ್ ಖಾಲಿ ಬಿದ್ದೈತಂತಲ್ಲ ಕಣ್ಲಾ?"

"ಹೂಂ, ಬಿದ್ದೈತೆ."

"ನಿಂಗೇನ್ ಬಾರ್ಸಕ್ ಬತ್ತದೆ?"

"ಏನೂ ಬರಾಕಿಲ್ಲ."

"ಅಂಗಾರೆ ಬೇಸ್ ಗಿಟಾರ್ ಕಲ್ತ್ಕಬುಡು. ನಾಕೇ ತಂತಿ."

ಅಟ್ಟದ ಮೇಲೆ ಒಣಗುತ್ತಿದ್ದ ತೆಂಗಿನಕಾಯಿ, ಕೆಳಗೆ ನಾವು. "ನಿಮ್ ಸದ್ದಿಗೆ ಕಾಯೊಳಗ್ಲ ಕೊಬ್ರಿನೂ ಒಡ್ದೋಯ್ತದೆ ಕಣ್ರಲಾ" ಎಂದು ಅಪ್ಪ ಬಯ್ಯುತ್ತಲೇ ಚಹಾ ಕಳಿಸುತ್ತಿದ್ದರು. ನಾಲ್ಕು ತಂತಿ ಎಂದು ಹಗುರ ಮಾಡಿಕೊಂಡಿದ್ದವನಿಗೆ ಬೇಸ್ ಹುಚ್ಚು ಹಿಡಿಸಿತು. ಬಸ್ಸಿನಲ್ಲಿ ಕೂತರೂ ಬೆರಳು ತೊಡೆಯ ಮೇಲೆ ಓಡುತ್ತಿತ್ತು. ಒಳ್ಳೆಯ ಕಾಲ ಅದು.

ಒಂದು ಭಾನುವಾರ ಆ ಬ್ಯಾರನ್ನಿನ ಹುಡುಗ ಬಸ್ಸು ಹಿಡಿದು ತಾನಾಗಿ ಬಂದ. ಗೋಡೌನಿನ ಬಾಗಿಲಲ್ಲಿ ನಿಂತು ಒಂದು ಹಾಡು ಪೂರ್ತಿ ಕೇಳಿದ. ಹಾಡಿನ ಜೊತೆಗೇ ಅವನ ತುಟಿ ಅಲುಗುತ್ತಿತ್ತು. ಚಹಾ ಕುಡಿದು, ಎಲ್ಲರನ್ನೂ ಮಾತಾಡಿಸಿ ಹೊರಟುಹೋದ. ಅವತ್ತಿನಿಂದ ನನ್ನ ನೆಮ್ಮದಿ ಕೆಟ್ಟಿತು. ಇವರು ನನ್ನನ್ನು ಇಟ್ಟುಕೊಂಡಿರುವುದು ಬೇಸಿಗೋ ಗೋಡೌನಿಗೋ? ಕೇಳಲು ಬಾಯಿ ಬರಲಿಲ್ಲ. ಕೇಳದೆ ಇರಲೂ ಆಗಲಿಲ್ಲ, ಹಾಗಾಗಿ ಸುಮ್ಮನೆ ಎಲ್ಲರ ಮೇಲೂ ರೇಗುತ್ತಿದ್ದೆ.

ಕೊನೆಗೆ ಅಣ್ಣ ಹೇಳಿದ: "ಅಟ್ಟ ಬಿಚ್ಚಿ ಜಿಮ್ಮಿನೋರ್ಗೆ ಬಾಡಿಗೆಗೆ ಕೊಟ್ಬುಡಾನ ಅಂತಿವ್ನಿ. ನೀವು ಬ್ಯಾರೆ ಜಾಗ ನೋಡ್ಕಳಿ."

ವಿಷಯವನ್ನು ಅವತ್ತೇ ಬ್ಯಾಂಡಿಗೆ ತಿಳಿಸಿದೆ. ತಿಳಿಸಿ, ರಾಕ್ಷಸನ ಹಾಗೆ ಅಭ್ಯಾಸಕ್ಕೆ ಬಿದ್ದೆ. ಬೆರಳು ಬೊಬ್ಬೆ ಬಂದು ಒಡೆಯಿತು. ಬಟ್ಟೆ ಸುತ್ತಿಕೊಂಡು ನುಡಿಸಿದೆ. ಗಿಟಾರಿಸ್ಟನ ಹಾಗೆ ನನ್ನನ್ನೂ ಜಾಗದ ಹಂಗಿಲ್ಲದೆ ಇಟ್ಟುಕೊಳ್ಳಲಿ ಎನ್ನುವುದೊಂದೇ ಆಸೆ. ಕಡೇ ಭಾನುವಾರ ಗಿಟಾರಿಸ್ಟ್ ನನ್ನ ಕಡೆ ತಿರುಗಿ, "ಇವತ್ತು ನಿನ್ ಬೇಸ್ ಚೆನ್ನಾಗ್ ಕೂತ್ಕಂತು ಕಣೋ" ಎಂದ. ಆ ಮಾತು ಹಿಡಿದುಕೊಂಡು ವಾರವೆಲ್ಲ ಓಡಾಡಿದೆ.

ವ್ಯಾನು ಬಂತು. ಡ್ರಮ್ಮುಗಳನ್ನು ಕಂಬಳಿಯಲ್ಲಿ ಸುತ್ತಿ ನಾನೇ ಎತ್ತಿಕೊಟ್ಟೆ. "ಫೋನ್ ಮಾಡ್ತೀನಿ ಕಣ್ಲಾ" ಎಂದು ಡ್ರಮ್ಮರ್ ಗೇರು ಹಾಕಿದ.

ಫೋನ್ ಬರಲಿಲ್ಲ. ಮೊಬೈಲನ್ನು ಬಚ್ಚಲಿಗೂ ಒಯ್ಯತೊಡಗಿದೆ. ನಾನಾಗಿ ಮಾಡೋಣವೆಂದು ನಂಬರ್ ಒತ್ತಿ, ರಿಂಗಾಗುವ ಮುಂಚೆಯೇ ಕಟ್ ಮಾಡುತ್ತಿದ್ದೆ. ಯಾರಾದರೂ ಊಟಕ್ಕೆ ಕರೆದರೂ ಸಿಡುಕುತ್ತಿದ್ದೆ. ಜಿಮ್ಮಿನವರು ಕನ್ನಡಿ ಕೂರಿಸುತ್ತಿದ್ದ ದಿನ ಫೋನ್ ಬಂತು.

"ಹಾಸನದಲ್ಲಿ ಜಾಗ ಸಿಕ್ತು ಕಣ್ಲಾ. ಪಾರ್ಟಿ ಹಾಲ್, ಮ್ಯಾಲಿನ್ ಪ್ಲೋರು. ಭಾನ್ವಾರ ಬಾ."

ನನಗೆ ಕುಣಿಯುವಷ್ಟು ಖುಷಿ. "ಬತ್ತೀನಿ" ಎಂದೆ.

"ಬೇಸೂ ತಗಂಡ್ ಬಾ. ಹಾಲ್ ಓನರ್ ಮಗಳವ್ಳೆ, ಅವ್ಳಿಗೆ ನಮ್ ಹಾಡೆಲ್ಲ ಕಲುಸ್ಕೊಡ್ಬೇಕು. ನಿನ್ನಂಗೆ ಕಲ್ಸೋರ್ ಯಾರವ್ರೆ?"

ಹೋಗಬಾರದು ಎಂದು ಶನಿವಾರವೆಲ್ಲ ಮನೆಯೊಳಗೆ ಶತಪಥ ಹಾಕಿದೆ. ಸಿಟ್ಟಿಗೆ ಅಳುವೂ ಬಂತು. ಭಾನುವಾರ ಹೋದೆ.

ಹುಡುಗಿ ಚುರುಕು, ಬೆರಳಲ್ಲಿ ಜೋರಿತ್ತು. ಮೊದಲು ಹಾಡು ಹೇಗೆ ಕೂರುತ್ತದೆಂದು ತೋರಿಸಲು ಮೂವರೂ ಸೇರಿ ನುಡಿಸಿದೆವು. ಅಷ್ಟು ಚೆನ್ನಾಗಿ ನಾವು ಗೋಡೌನಿನಲ್ಲೂ ನುಡಿಸಿರಲಿಲ್ಲ. ಮುಗಿಸಿ, ಬೇಸಿನ ಪಟ್ಟಿಯನ್ನು ಅವಳ ಹೆಗಲಿಗೆ ಹಾಕಿ ಎತ್ತರ ಸರಿಮಾಡಿದೆ.

"ಇಷ್ಟ್ ಚೆನ್ನಾಗಿ ನುಡಿಸ್ತೀರಲ್ಲ ಅಣ್ಣ, ನೀವ್ಯಾಕೆ ಬಿಟ್ರಿ?" ಎಂದು ಕೇಳಿದಳು.

ಡ್ರಮ್ಮರ್ ತಲೆ ತಗ್ಗಿಸಿ ಸ್ಕ್ರೂ ಬಿಗಿಮಾಡುತ್ತಿದ್ದ. ಗಿಟಾರಿಸ್ಟ್ ಕಿಟಕಿಯ ಕಡೆ ತಿರುಗಿದ.

"ನಮ್ ಗೋಡೌನು ಬಾಡಿಗೆಗೆ ಹೋಯ್ತು ಕಣಮ್ಮ" ಎಂದೆ.

ತಮಾಷೆ ಎಂದುಕೊಂಡು ಅವಳು ನಕ್ಕಳು. ಬೇರೆ ಯಾರೂ ನಗಲಿಲ್ಲ. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಆಮೇಲೆ ತನ್ನಪ್ಪನ ಪಾರ್ಟಿ ಹಾಲನ್ನು ಸುತ್ತ ಒಮ್ಮೆ ನೋಡಿದಳು.