ಕಾಫಿಗೆ ನಿಂತ ಕಾರುಗಳು

ಕೋವಿಡ್ ತಣ್ಣಗಾದ ಮರುವರ್ಷ. ಬೆಂಗಳೂರಿನ ನಗರ ಯೋಜನಾ ಕಚೇರಿಯ ನೌಕರಿ ಬಿಟ್ಟು ಬಂದಿದ್ದ ನಾನು ಆಗ ಲಂಡನ್ನಿನ ಹ್ಯಾರೋದಲ್ಲಿ ಪ್ಲಾನಿಂಗ್ ಕನ್ಸಲ್ಟೆಂಟ್. ಯಾವ ಜಾಗದಲ್ಲಿ ಏನು ನಡೆಸಬಹುದು ಎಂದು ಅಲ್ಲಿನ ನಗರಸಭೆಯಾದ ಕೌನ್ಸಿಲ್ ಮುಂದೆ ಜನರ ಪರವಾಗಿ ವಾದಿಸುವ ಕೆಲಸ.

ಅಲ್ಲೇ ನೆಲೆಸಿದ್ದ ಕುಂದಾಪುರದ ಜಯಕ್ಕ ನನ್ನನ್ನು ಹುಡುಕಿಕೊಂಡು ಬಂದರು. ಗಂಡನ ರೆಸ್ಟೋರೆಂಟ್ ಕೆಲಸ ಹೋದ ಮೇಲೆ ಗ್ಯಾರೇಜನ್ನೇ ಅಡುಗೆಮನೆ ಮಾಡಿ ಊಟದ ಡಬ್ಬಿ ಮಾರುತ್ತಿದ್ದರು. ಸಂಸಾರ ನಡೆಯುತ್ತಿದ್ದದ್ದೇ ಅದರಿಂದ. ಪಕ್ಕದ ಮನೆಯ ಮಾರ್ಗರೆಟ್ ದೂರು ಕೊಟ್ಟಿದ್ದರು. ಅನುಮತಿ ಪಡೆಯಿರಿ, ಇಲ್ಲವೇ ನಿಲ್ಲಿಸಿ ಎಂದಿತ್ತು ಕೌನ್ಸಿಲ್.

"ನಮ್ ರಸ್ತೆ ಯಾವ ಝೋನ್ ಮಾರಾಯ್ರೆ? ಅದೊಂದ್ ಹೇಳಿ, ಸಾಕ್," ಎಂದರು ಜಯಕ್ಕ.

ನಗು ಬಂತು. ಬೆಂಗಳೂರಿನಲ್ಲಾದರೆ ಮಾಸ್ಟರ್ ಪ್ಲಾನ್ ಬಿಚ್ಚಿ, ನಕ್ಷೆಯ ಬಣ್ಣ, ರಸ್ತೆಯ ಅಗಲ ನೋಡಿ ಹೇಳಿಬಿಡುತ್ತಿದ್ದೆ. ಜಪಾನಿನಲ್ಲಿ ಅತಿ ಶಾಂತ ವಸತಿ ವಲಯದಲ್ಲೂ ಮನೆಯೊಳಗೆ ಸಣ್ಣ ಅಂಗಡಿ ಇಡಲು ನಿಯಮವೇ ಬಿಡುತ್ತದೆ. ಇಂಗ್ಲೆಂಡಿನಲ್ಲಿ ಅಂಥ ಸಿದ್ಧ ಉತ್ತರ ಇಲ್ಲ. ಪ್ರತಿ ಅರ್ಜಿಯನ್ನೂ ಬೇರೆಯಾಗಿ ತೂಗುತ್ತಾರೆ, ನೆರೆಯವರನ್ನೂ ಕೇಳುತ್ತಾರೆ. ಮೊದಮೊದಲು ಈ ಪದ್ಧತಿ ಕಂಡರೆ ನನಗೆ ಮೈಯುರಿಯುತ್ತಿತ್ತು.

"ಒಗ್ಗರಣೆ ವಾಸ್ನಿಗೇ ದೂರು ಕೊಟ್ಟದ್ದ್," ಎಂದು ಜಯಕ್ಕ ಗೊಣಗಿದರು. ಇರಲಿ, ಕೇಳಿಯೇ ಬಿಡೋಣವೆಂದು ಮಾರ್ಗರೆಟ್ ಮನೆಗೆ ಹೋದೆ.

"ವಾಸನೆಯೇ? ಅದು ಚೆನ್ನಾಗಿಯೇ ಇದೆ," ಎಂದರು ಆಕೆ. "ನನ್ನ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನಿಗೆ ದಾರಿಯಿಲ್ಲ. ಎರಡು ನಿಮಿಷವೆಂದು ಅಡ್ಡ ನಿಂತ ಡಬ್ಬಿ ಗಿರಾಕಿಗಳ ಕಾರು ಅರ್ಧ ಗಂಟೆಯಾದರೂ ಕದಲುವುದಿಲ್ಲ." ನನಗೆ ಪಾಪ ಅನ್ನಿಸಿತು.

ಡಬ್ಬಿ ಒಯ್ಯಲು ಅರ್ಧ ಗಂಟೆ ಯಾಕೆ? ಜಯಕ್ಕನನ್ನೇ ಕೇಳಿದೆ.

"ಬಾಗ್ಲಿಗ್ ಬಂದವ್ರನ್ನ್ ಕಾಫಿ ಕೊಡ್ದೆ ಕಳ್ಸುಕ್ ಆತ್ತಾ?"

ಅಯ್ಯೋ ದೇವರೇ! ಗಿರಾಕಿಗಳಿಗೆಲ್ಲ ಕಾಫಿ, ಜೊತೆಗೆ ಊರಿನ ಸುದ್ದಿ. ವ್ಯಾನಿನ ವಿಷಯ ಹೇಳಿದಾಗ ಜಯಕ್ಕನ ಕಣ್ಣು ತುಂಬಿತು. "ಛೆ, ನಂಗ್ ಗೊತ್ತೇ ಆಯ್ಲಿಲ್ಲೆ," ಎಂದರು.

ಗಿರಾಕಿಗಳು ಮನೆಗೆ ಬರುವುದಿಲ್ಲ, ಜಯಕ್ಕನ ಗಂಡನೇ ಡಬ್ಬಿ ಮುಟ್ಟಿಸುತ್ತಾರೆ ಎಂದು ಅರ್ಜಿ ಹಾಕಿದೆವು. ಮಾರ್ಗರೆಟ್ ವಿರೋಧಿಸಲಿಲ್ಲ. ಅದೇ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಜಯಕ್ಕನ ಒಲೆ ಉಳಿಯಿತು.

ಬಣ್ಣದ ನಕ್ಷೆ ಖಚಿತ ಉತ್ತರ ಕೊಡುತ್ತದೆ, ಅದು ನನಗೆ ಇವತ್ತಿಗೂ ಇಷ್ಟ. ಆದರೆ ನಕ್ಷೆಯನ್ನಷ್ಟೇ ನೋಡಿದ್ದರೆ ಆ ವ್ಯಾನು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಅಂದಿನಿಂದ ಅರ್ಜಿ ಬರೆಯುವ ಮೊದಲು ಪಕ್ಕದ ಮನೆಯ ಬೆಲ್ ಒತ್ತುವುದು ರೂಢಿಯಾಯಿತು.

ಜಯಕ್ಕನ ಮನೆಯಲ್ಲಿ ಈಗ ಗಿರಾಕಿಗಳಿಗೆ ಕಾಫಿಯಿಲ್ಲ. ವ್ಯಾನು ಗಂಡನನ್ನು ಕರೆದೊಯ್ದ ಮೇಲೆ ಮಾರ್ಗರೆಟ್ ಬರುತ್ತಾರೆ. ಕೂತರೆ ಅರ್ಧ ಗಂಟೆ ಏಳುವುದಿಲ್ಲ.